ಜೇಬಿನದು ಜೇಬಿಗೆ

"ಕೋಟು ಕೊನೇಲಿ ಯಾರ ಕೈಲಿತ್ತು?" ಎಂದು ವಕೀಲೆ ಕೇಳಿದರು.

"ನನ್ನ ಮೈಮೇಲೇ ಇತ್ತು" ಎಂದಳು ಮಗಳು.

"ಅದಲ್ಲಮ್ಮ. ಹಾಕ್ಕೊಳ್ಳೋಕ್ಕೆ ಮುಂಚೆ."

"ಅಪ್ಪನ ಹತ್ರ. ಇಂಟರ್‌ವ್ಯೂಗೆ ಅಂತ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ರು. ನಂಗೆ ಹೇಳಿರ್ಲೂ ಇಲ್ಲ."

ವಕೀಲೆ ಕನ್ನಡಕವನ್ನು ಹಣೆಗೇರಿಸಿ ಅಪ್ಪನ ಕಡೆ ತಿರುಗಿದರು. ಅಪ್ಪ ಅಷ್ಟು ಹೊತ್ತೂ ಅವರ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಕಪ್ಪು ಗೌನನ್ನೇ ನೋಡುತ್ತ ಕೂತಿದ್ದ. ಒಂದು ತೋಳಿನ ಗೆರೆ ಒಂದು ಕಡೆ, ಇನ್ನೊಂದರದು ಇನ್ನೊಂದು ಕಡೆ ಬಿದ್ದಿತ್ತು. ಯಾರೋ ಅರೆಮನಸ್ಸಿನಿಂದ ಇಸ್ತ್ರಿ ತಿಕ್ಕಿದ್ದರು. ಹುಡುಗನಾಗಿದ್ದಾಗಿನಿಂದ ಲಾಂಡ್ರಿಯಲ್ಲೇ ಬೆವರಿದವನಿಗೆ ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಕಣ್ಣಿಗೆ ಬೀಳುವುದು ಬಟ್ಟೆಯ ಸುಕ್ಕೇ.

"ಒಗೆಯೋಕ್ಕೆ ಮುಂಚೆ ಜೇಬು ನೋಡ್ತೀರಲ್ವಾ ಯಜಮಾನ್ರೆ?"

"ನೋಡ್ತೀವಿ ಮೇಡಂ."

"ಏನಾದ್ರೂ ಸಿಕ್ಕಿತ್ತಾ?"

ಅಪ್ಪನ ಬಲಗೈಯ ಹೆಬ್ಬೆರಳೂ ತೋರುಬೆರಳೂ ತಮ್ಮಷ್ಟಕ್ಕೆ ತಾವೇ ಒಂದನ್ನೊಂದು ಉಜ್ಜಿಕೊಂಡವು. ಆ ಬೆರಳುಗಳಿಗೆ ಎಲ್ಲ ನೆನಪಿತ್ತು: ನಾಲ್ಕು ಮಡಿಕೆಯ ಕಾಗದ, ಒಳಗೆ ಸಣ್ಣಗೆ ಗಟ್ಟಿ ಗಟ್ಟಿ. 

"ನೆನಪಾಗ್ತಿಲ್ಲ ಮೇಡಂ. ದಿನಾ ನೂರಾರು ಜೇಬು" ಎಂದುಬಿಟ್ಟ.

ವಕೀಲೆ ಕನ್ನಡಕ ಇಳಿಸಿ ಮತ್ತೆ ಮಗಳ ಕಡೆ ತಿರುಗಿದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದದ್ದು ಹೀಗೆ ಇನ್ನೊಂದು ಮಾತಿನಲ್ಲಿ ಮುಗಿಯಿತು.

ಆದದ್ದಿಷ್ಟು. ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಭಾರಿ ಮೈಯ ರೋಗಿಯೊಬ್ಬನನ್ನು ಹಾಸಿಗೆಯಿಂದ ಎತ್ತಲು ಹೋಗಿ ಬೆನ್ನು ಹಿಡಿದುಕೊಂಡಿತು. ನೋವಿಗೆಂದು ಮಾತ್ರೆ ಶುರುಮಾಡಿದಳು. ಬೆನ್ನುನೋವು ಹೋಯಿತು, ಮಾತ್ರೆ ಹೋಗಲಿಲ್ಲ. ವಾರ್ಡಿನ ಕಪಾಟಿನವರೆಗೂ ಕೈ ಹೋದಾಗ ಆಸ್ಪತ್ರೆಯವರು ಗದ್ದಲ ಮಾಡದೆ, ಪೊಲೀಸರವರೆಗೂ ಒಯ್ಯದೆ, ರಾಜೀನಾಮೆ ಬರೆಸಿಕೊಂಡು ಮನೆಗೆ ಕಳಿಸಿದರು. ಆಮೇಲೆ ಅವಳು ಚಿಕಿತ್ಸಾ ಕೇಂದ್ರಕ್ಕೆ ಸೇರಿ, ಹಲ್ಲು ಕಚ್ಚಿ, ಗೋಡೆಗೆ ತಲೆ ಚಚ್ಚಿಕೊಂಡು ಚಟ ಬಿಟ್ಟಳು. ಬಿಟ್ಟ ಮೇಲೆ ಎರಡು ಚಳಿಗಾಲ ದಾಟಿತ್ತು. ಅಪ್ಪನ ಅಂಗಡಿಯ ಕೌಂಟರಿನಲ್ಲಿ ಟೋಕನ್ ಕೊಡುತ್ತ, ಶರ್ಟಿನ ಕಾಲರಿಗೆ ಚೀಟಿ ಚುಚ್ಚುತ್ತ ದಿನ ದೂಡುತ್ತಿದ್ದವಳನ್ನು ಆಸ್ಪತ್ರೆಯ ದೊಡ್ಡ ನರ್ಸಮ್ಮನೇ ಕರೆಸಿ, "ಇಂಟರ್‌ವ್ಯೂಗೆ ಬಾ, ಉಳಿದದ್ದು ನಾನು ನೋಡ್ಕೋತೀನಿ" ಎಂದಿದ್ದರು.

ಹೋದಳು. ಔಷಧಿ ಕಳವು ಜಾಸ್ತಿಯಾಗಿದೆಯೆಂದು ಸಿಬ್ಬಂದಿಯ ಬಾಗಿಲಲ್ಲಿ ಎಲ್ಲರನ್ನೂ ತಡವಿ ನೋಡುತ್ತಿದ್ದರು. ಕಾವಲು ಹೆಂಗಸಿನ ಕೈ ಕೋಟಿನ ಒಳಜೇಬಿನ ಮೇಲೆ ನಿಂತಿತು. ಪೊಟ್ಟಣ ಬಿಚ್ಚಿದರೆ ಅದೇ ಮಾತ್ರೆ, ವೈದ್ಯರ ಚೀಟಿಯಿಲ್ಲದೆ ಯಾರೂ ಇಟ್ಟುಕೊಳ್ಳಬಾರದ್ದು. ಇಂಟರ್‌ವ್ಯೂಗೆ ಹೋದವಳು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಳು.

"ಎರಡು ದಾರಿ ಇದೆ" ಎಂದರು ವಕೀಲೆ. "ಒಂದು, ಕೇಸು ನಡೆಸೋದು. ಪೊಟ್ಟಣ ಅಲ್ಲಿರೋದು ನಂಗೆ ಗೊತ್ತಿರ್ಲಿಲ್ಲ ಅಂತ ವಾದ ಮಾಡೋದು. ಹೇಗೆ ಬಂತು ಅಂತ ಹೇಳೋರು ಯಾರೂ ಇಲ್ದೆ ಅದು ನಿಲ್ಲೋದು ಕಷ್ಟ. ಸೋತ್ರೆ ಶಿಕ್ಷೆ ಸಣ್ಣದೇ ಇರಬಹುದು. ಆದ್ರೆ ಅಪರಾಧಿ ಅಂತ ಆಗುತ್ತೆ. ಹಾಗಾದ್ರೆ ನರ್ಸಿಂಗ್ ಪರವಾನಗಿ ರದ್ದಾಗುತ್ತೆ, ಮತ್ತೆ ಸಿಗಲ್ಲ. ಈ ಜನ್ಮದಲ್ಲಿ ಸಿಗಲ್ಲ."

"ಇನ್ನೊಂದು?"

"ಮೊದಲ ಸಲ ಸಿಕ್ಕಿಬಿದ್ದೋರಿಗೆ ಅಂತ ಒಂದು ಬದಲಿ ದಾರಿ ಇಟ್ಟಿದಾರೆ. ಕೋರ್ಟು ಕೇಸನ್ನ ಪಕ್ಕಕ್ಕಿಡುತ್ತೆ. ಒಂದು ವರ್ಷ ಚಿಕಿತ್ಸೆ, ವಾರ ವಾರ ಪರೀಕ್ಷೆ. ತಪ್ಪಿಲ್ದೆ ಮುಗಿಸಿದ್ರೆ ಕೇಸೇ ವಜಾ. ಅಪರಾಧಿ ಅನ್ನೋ ಮಾತೇ ಇಲ್ಲ. ಆದ್ರೆ ಅದಕ್ಕೆ ಮೊದ್ಲು ನ್ಯಾಯಾಧೀಶರ ಮುಂದೆ ಒಪ್ಕೋಬೇಕು. ಮಾತ್ರೆ ನಂದೇ, ಗೊತ್ತಿದ್ದೇ ಇಟ್ಕೊಂಡಿದ್ದೆ, ನಂಗೆ ಚಿಕಿತ್ಸೆ ಬೇಕು ಅಂತ."

"ರಕ್ತ ಪರೀಕ್ಷೆ ಮಾಡಿದ್ರಲ್ಲ. ಏನೂ ಬಂದಿಲ್ವಲ್ಲ."

"ಕೇಸು ತಿಂದಿದ್ದಕ್ಕಲ್ಲಮ್ಮ, ಇಟ್ಕೊಂಡಿದ್ದಕ್ಕೆ."

ಮಗಳು ತೊಡೆಯ ಮೇಲೆ ಕೈ ಜೋಡಿಸಿ ಕೂತಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. "ನಾನು ಬಿಟ್ಟಿದೀನಿ ಮೇಡಂ" ಎಂದಳು.

"ಗೊತ್ತಮ್ಮ."

"ನಿಮಗೆ ಗೊತ್ತಿಲ್ಲ. ಬಿಡೋದು ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ. ಬಿಟ್ಟಿಲ್ಲ ಅಂತ ನನ್ನ ಬಾಯಲ್ಲೇ ಹೇಳಿಸ್ಬೇಡಿ."

ಅಪ್ಪ ಗೌನಿನ ತೋಳನ್ನೇ ನೋಡುತ್ತಿದ್ದ. ಅದರ ಕಪ್ಪು ಅವನ ಕಣ್ಣಿನಲ್ಲಿ ಕದಡಿಕೊಂಡಿತು.

ಲಾಂಡ್ರಿಯಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಮಾಡಿದವನೂ ಅವನೇ. ಮದುವೆಯಾದ ಹೊಸತರಲ್ಲಿ ಹೆಂಡತಿ ಕೌಂಟರಿನಲ್ಲಿ ಕೂರುತ್ತಿದ್ದಳು. ಗಿರಾಕಿಯೊಬ್ಬನ ಪ್ಯಾಂಟಿನಲ್ಲಿ ಎರಡು ಸಿನಿಮಾ ಟಿಕೆಟ್ಟಿನ ಚೂರು ಸಿಕ್ಕವು. ಪಾಪ, ಒಳ್ಳೆಯ ಮನಸ್ಸಿನಿಂದಲೇ, ಬಟ್ಟೆ ತೆಗೆದುಕೊಂಡು ಹೋಗಲು ಬಂದ ಆ ಗಿರಾಕಿಯ ಹೆಂಡತಿಯ ಕೈಗೆ ಕೊಟ್ಟಳು. ಆ ಹೆಂಗಸು ಸಿನಿಮಾ ನೋಡಿ ವರ್ಷವಾಗಿತ್ತು. ಸಂಜೆ ಗಂಡ ಬಂದು ಅಂಗಡಿಯ ಮುಂದೆ ಕುಣಿದ ಕುಣಿತಕ್ಕೆ ಬೀದಿಯೇ ಸೇರಿತ್ತು. ಅವತ್ತಿನಿಂದ ಅಪ್ಪ ಕಟ್ಟಾಜ್ಞೆ ಹೊರಡಿಸಿದ: ಜೇಬಿನದು ಜೇಬಿಗೆ. ಒಗೆಯುವ ಮುಂಚೆ ಜೇಬು ಖಾಲಿ ಮಾಡುವುದು, ಸಿಕ್ಕಿದ್ದನ್ನು ಟೋಕನ್ ಚುಚ್ಚಿದ ಬಟ್ಟೆಚೀಲದಲ್ಲಿಡುವುದು, ಇಸ್ತ್ರಿಯಾದ ಮೇಲೆ ಅದೇ ಜೇಬಿಗೆ ಅದೇ ಮಡಿಕೆಯಲ್ಲಿ ವಾಪಸ್ ಇಡುವುದು. ಬಿಚ್ಚುವಂತಿಲ್ಲ, ಓದುವಂತಿಲ್ಲ, ಕೇಳುವಂತಿಲ್ಲ.

ಈ ಪದ್ಧತಿಯಿಂದಲೇ ಅಂಗಡಿ ಬೆಳೆಯಿತು ಎನ್ನಬೇಕು. ಊರಿನ ಆ ತುದಿಯಿಂದಲೂ ಜನ ಬಟ್ಟೆ ಹೊತ್ತು ತರುತ್ತಿದ್ದರು. ಒಳ್ಳೆಯ ಇಸ್ತ್ರಿ ಬೇರೆಯವರೂ ಮಾಡುತ್ತಿದ್ದರು, ಬಾಯಿ ಮುಚ್ಚಿಕೊಂಡಿರುವ ಲಾಂಡ್ರಿ ಇದೊಂದೇ ಇತ್ತು. ಗುಂಡಿ ಹಾಕಿ ಹರಿದದ್ದು ಹೊಲಿಯಲು ಮೂಲೆಯಲ್ಲಿ ಕೂರುತ್ತಿದ್ದ ಹೊಲಿಗೆಯವಳು, "ನಮ್ಮ ಯಜಮಾನ್ರಿಗೆ ಜೇಬಲ್ಲಿ ಹಾವು ಸಿಕ್ಕಿದ್ರೂ ಸುತ್ತಿ ವಾಪಸ್ ಇಡ್ತಾರೆ" ಎಂದು ಆಡಿಕೊಳ್ಳುತ್ತಿದ್ದಳು. ಅಪ್ಪ ಅದನ್ನು ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದ.

ಆ ಕೋಟು ಮನೆಯಲ್ಲಿ ಬಾಗಿಲ ಹಿಂದಿನ ಗೂಟದಲ್ಲಿ, ಹಳೆಯ ಬಟ್ಟೆಗಳ ಅಡಿಯಲ್ಲಿ, ಮಗಳ ಕೆಟ್ಟ ದಿನಗಳಿಂದಲೂ ನೇತಾಡುತ್ತಿತ್ತು. ಬೂದು ಬಣ್ಣದ ಉಣ್ಣೆಯ ಕೋಟು, ನರ್ಸಿಂಗ್ ಮುಗಿಸಿದಾಗ ಅವಳ ತಾಯಿ ಕೊಡಿಸಿದ್ದು. ಕೊಡಿಸಿದ ಮರುವರ್ಷವೇ ತಾಯಿ ತೀರಿಕೊಂಡಳು. ಇಂಟರ್‌ವ್ಯೂ ಅಂದ ಕೂಡಲೇ ಅಪ್ಪನಿಗೆ ಅದೇ ನೆನಪಾಯಿತು. ಮಗಳಿಗೆ ಹೇಳದೆ ಅಂಗಡಿಗೆ ಒಯ್ದ. ಜೇಬುಗಳನ್ನು ಖಾಲಿ ಮಾಡಿದ. ಹೊರಜೇಬಿನಲ್ಲಿ ಒಂದು ಕೂದಲ ಪಿನ್ನು, ಗುಂಡಿ ಹಾಕಿದ್ದ ಒಳಜೇಬಿನಲ್ಲಿ ಒಂದು ಮಡಿಸಿದ ಕಾಗದ. ಎರಡನ್ನೂ ಚೀಲಕ್ಕೆ ಹಾಕಿದ. ಕೋಟನ್ನು ತಾನೇ ಒಗೆದು, ನೆರಳಲ್ಲಿ ಒಣಗಿಸಿ, ಒದ್ದೆ ಬಟ್ಟೆ ಹಾಸಿ ಹಬೆಯಲ್ಲಿ ತಿಕ್ಕಿ, ಕಾಲರನ್ನು ಕುದುರಿಸಿ, ಕೊನೆಗೆ ಪಿನ್ನನ್ನು ಹೊರಜೇಬಿಗೂ ಕಾಗದವನ್ನು ಒಳಜೇಬಿಗೂ ಇಟ್ಟು ಗುಂಡಿ ಹಾಕಿದ.

ಕೋಟು ನೋಡಿ ಮಗಳು ಬೆಳಗ್ಗೆ ಎಷ್ಟೋ ಹೊತ್ತು ಅದನ್ನು ಎದೆಗವಚಿಕೊಂಡು ನಿಂತಿದ್ದಳು. "ಅಮ್ಮನ ಕೋಟು" ಎಂದಿದ್ದಳು. ಅಪ್ಪನಿಗೆ ಆವತ್ತು ಹೊಟ್ಟೆ ತುಂಬಿತ್ತು.

ವಕೀಲೆಯ ಕಚೇರಿಯಿಂದ ಬಂದ ಮೇಲೆ ಮಗಳು ಕೌಂಟರಿಗೆ ಕೂತಳಾದರೂ ಮನಸ್ಸು ಅಲ್ಲಿರಲಿಲ್ಲ. ಒಬ್ಬರ ಟೋಕನ್ ಇನ್ನೊಬ್ಬರಿಗೆ ಕೊಟ್ಟಳು. ಗಿರಾಕಿ ಇಲ್ಲದಾಗ ಎದ್ದು ಅಂಗಡಿಯ ಹಿಂದಿನ ಮನೆಗೆ ಹೋಗಿ ಗೂಟವನ್ನು ನೋಡಿ ಬರುವಳು. ಮಲಗುವ ಕೋಣೆಯ ಹಾಸಿಗೆ ಎತ್ತಿ ನೋಡಿದಳು, ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ ನೋಡಿದಳು.

"ಏನು ಹುಡುಕ್ತಿದೀಯ ಮರೀ?" ಎಂದು ಅಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಇನ್ನೂ ಎಲ್ಲಾದ್ರೂ ಇಟ್ಟಿದೀನಾ ಅಂತ." ಅವಳು ನೆಲದ ಮೇಲೆ ಕೂತುಬಿಟ್ಟಳು. "ಒಗೆದು ಬಂದ ಕೋಟಪ್ಪ ಅದು. ಅದರಲ್ಲಿ ಹೇಗೆ ಬರುತ್ತೆ? ನಾನೇ ಇಟ್ಕೊಂಡಿರ್ಬೇಕು ಅಲ್ವಾ? ಬೆಳಗ್ಗೆ ಹೊರಡೋ ಗಡಿಬಿಡೀಲಿ. ಇಟ್ಕೊಂಡು ಮರ್ತಿದೀನಿ. ಕೇಂದ್ರದಲ್ಲಿ ಹೇಳ್ತಿದ್ರು, ಚಟ ನಿಮಗೆ ಗೊತ್ತಿಲ್ದೆ ನಿಮ್ಮ ಕೈಲಿ ಕೆಲಸ ಮಾಡ್ಸುತ್ತೆ ಅಂತ. ನನ್ನ ತಲೆ ಮೇಲೆ ನಂಗೇ ನಂಬಿಕೆ ಹೋಗಿದೆ."

ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದ ಕೂಡ. ಬಂದದ್ದು ಮಾತ್ರ, "ಊಟ ಮಾಡಿ ಮಲ್ಕೋ, ಎಲ್ಲ ಸರಿಹೋಗುತ್ತೆ" ಎಂಬುದು. ಹಾಗೆಂದು ಅವನು ಅಂಗಡಿಗೆ ನಡೆದ. ಹೊಲಿಗೆಯವಳು ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ, "ಹುಡುಗಿ ಒಳಗೊಳಗೇ ಬೇಯ್ತಿದಾಳೆ ಯಜಮಾನ್ರೆ. ನೀವು ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದೀರಿ" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. 

ಮರುದಿನ ಅವನು ಒಬ್ಬನೇ ವಕೀಲೆಯ ಹತ್ತಿರ ಹೋದ. ಇದ್ದದ್ದು ಇದ್ದ ಹಾಗೆ ಹೇಳಿದ. ಹೇಳಿ ಮುಗಿಸಿ, ಅವರು ಬಾಯಿ ತೆರೆಯುವುದರೊಳಗೆ, "ಮಾತ್ರೆ ನಂದು ಅಂತಾನೇ ಹೇಳ್ಬಿಡ್ತೀನಿ ಮೇಡಂ. ನಂಗೆ ಶಿಕ್ಷೆಯಾದ್ರೆ ಆಗ್ಲಿ. ನಂಗ್ಯಾವ ಪರವಾನಗಿ ಬೇಕು ಇಸ್ತ್ರಿ ತಿಕ್ಕೋಕೆ" ಎಂದ.

"ಪ್ರಮಾಣ ಮಾಡಿಸಿ ಸುಳ್ಳು ಸಾಕ್ಷಿ ಹೇಳಿಸಿದ್ರೆ ನನ್ನ ಗೌನೇ ಹೋಗುತ್ತೆ" ಎಂದರು ವಕೀಲೆ. ಬೈಯಲಿಲ್ಲ. ಒಂದು ಲೋಟ ನೀರು ಮುಂದೆ ತಳ್ಳಿದರು. "ನಿಜ ಹೇಳಬಹುದು. ಒಗೆಯೋವಾಗ ಸಿಕ್ತು, ವಾಪಸ್ ಇಟ್ಟೆ ಅಂತ. ನಾನು ನಿಮ್ಮನ್ನ ಸಾಕ್ಷಿ ಕಟಕಟೆಗೆ ಹತ್ತಿಸ್ತೀನಿ. ಆಮೇಲೆ ಎದುರು ವಕೀಲರು ಎದ್ದು ಒಂದೇ ಪ್ರಶ್ನೆ ಕೇಳ್ತಾರೆ. ಕೇಳ್ಲಾ?"

"ಕೇಳಿ."

"ನಿಮ್ಮ ಮಗಳು ಮಾತ್ರೆಗೆ ಬಿದ್ದು ಎದ್ದು ಬಂದೋಳು. ಅವಳ ಕೋಟಲ್ಲಿ ಒಂದು ಪೊಟ್ಟಣ ಸಿಕ್ತು. ಅದೇನು ಅಂತ ಯಾಕೆ ಬಿಚ್ಚಿ ನೋಡ್ಲಿಲ್ಲ?"

"ಅದು ನಮ್ಮ ಅಂಗಡಿ ಪದ್ಧತಿ."

"ಅಂಗಡಿ ಪದ್ಧತಿ ಗಿರಾಕಿಗಳಿಗೆ. ಅವಳು ನಿಮ್ಮ ಮಗಳು. ಯಾಕೆ ನೋಡ್ಲಿಲ್ಲ?"

ಅಪ್ಪ ಲೋಟ ಹಿಡಿದುಕೊಂಡು ಕೂತ.  

"ಹೀಗೆ ಸುಮ್ನೆ ಕೂತ್ರೆ ಕೋರ್ಟು ಏನು ತಿಳ್ಕೊಳ್ಳುತ್ತೆ ಹೇಳಿ. ಮಗಳನ್ನ ಉಳಿಸೋಕೆ ಅಪ್ಪ ಕಟ್ಟಿರೋ ಕಥೆ ಅಂತ. ಗೆಲ್ಲಬಹುದು, ಸೋಲಬಹುದು. ನಾನು ಮಾತು ಕೊಡಲ್ಲ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಅವಳಿಗೆ ಹೇಳಿದೀರಾ?"

"ಇಲ್ಲ."

"ಮೊದ್ಲು ಅವಳಿಗೆ ಹೇಳಿ. ಇವತ್ತೇ ಹೇಳಿ. ಯಾವ ದಾರಿ ಅಂತ ಅವಳು ತೀರ್ಮಾನ ಮಾಡ್ಬೇಕು, ನೀವಲ್ಲ."

ಮಧ್ಯಾಹ್ನದ ಹೊತ್ತು. ಹೊಲಿಗೆಯವಳು ಊಟಕ್ಕೆ ಹೋಗಿದ್ದಳು. ಮಗಳು ಶರ್ಟುಗಳಿಗೆ ಟೋಕನ್ ಚುಚ್ಚುತ್ತಿದ್ದಳು. ಅಪ್ಪ ಇಸ್ತ್ರಿ ಮೇಜಿನ ಮುಂದೆ ನಿಂತು, ಯಾರದೋ ಬಿಳಿ ಶರ್ಟಿನ ಬೆನ್ನನ್ನು ತಿಕ್ಕುತ್ತ, ತಲೆ ತಗ್ಗಿಸಿಕೊಂಡೇ ಹೇಳಿದ. ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

"ಪೊಟ್ಟಣ ನೀನು ಇಟ್ಕೊಂಡಿದ್ದಲ್ಲ ಮರೀ. ಕೋಟಲ್ಲೇ ಇತ್ತು, ಹಳೇದು. ಒಗೆಯೋವಾಗ ನಂಗೆ ಸಿಕ್ತು. ನಾನೇ ವಾಪಸ್ ಇಟ್ಟೆ."

ಟೋಕನ್ ಚುಚ್ಚುವ ಸದ್ದು ನಿಂತಿತು. ಮೊದಲು ಅವಳ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಜ್ವರ ಬಿಟ್ಟವರ ಮುಖದಲ್ಲಿ ಬರುವ ಹಗುರ. "ಹಾಗಾದ್ರೆ ನಾನಲ್ಲ" ಎಂದಳು ಮೆಲ್ಲಗೆ. "ನನ್ನ ತಲೆ ಸರಿಯಾಗೇ ಇದೆ."

"ಸರಿಯಾಗೇ ಇದೆ ಕಣಮ್ಮ."

"ಅವತ್ತು ವಕೀಲರು ಕೇಳ್ದಾಗ ನೆನಪಿಲ್ಲ ಅಂದೆ ನೀನು."

"ಅಂದೆ."

"ನಾನು ಹಾಸಿಗೆ ಎತ್ತಿ ನೋಡ್ತಿದ್ದಾಗ ಬಾಗಿಲಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಬಿಚ್ಚಿ ನೋಡಿದ್ಯಾ ಅದನ್ನ?"

"ಇಲ್ಲ. ನಾನು ಯಾವತ್ತೂ..." ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಅದರ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿದ. ಆ ಹೊತ್ತಿನಲ್ಲೂ ಕೈ ಅದನ್ನು ಮರೆಯಲಿಲ್ಲ. "ಗಿರಾಕಿಗಳ ಜೇಬು ನಾವು..."

"ನಾನು ಗಿರಾಕಿನಾ ಅಪ್ಪ?"

ಅವಳು ಜೋರಾಗಿ ಕೇಳಲಿಲ್ಲ. ನಿಜವಾಗಿಯೂ ಉತ್ತರ ತಿಳಿಯಬೇಕಾಗಿತ್ತು ಎನ್ನುವಂತೆ ಕೇಳಿದಳು. ಅಪ್ಪ ತಲೆ ಎತ್ತಿ ನೋಡಿದಾಗ ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಆಗ, ಡ್ಯೂಟಿಗೆ ಹೋಗ್ತಿದ್ದಾಗ" ಎಂದಳು. "ನನ್ನ ಬಿಳಿ ಯೂನಿಫಾರಮ್ಮು ನೀನೇ ಒಗೀತಿದ್ದೆ. ಅದರ ಜೇಬಲ್ಲಿ ಮಾತ್ರೆ ಬಿಟ್ಟಿರ್ತಿದ್ದೆ. ಮರ್ತು ಬಿಟ್ಟಿದ್ದಲ್ಲ. ಬೇಕಂತಲೇ. ನೀನು ಜೇಬು ನೋಡ್ದೆ ಬಟ್ಟೆ ನೀರಿಗೆ ಹಾಕೋನಲ್ಲ ಅಂತ ನಂಗೆ ಗೊತ್ತಿತ್ತು. ಇವತ್ತು ಅಪ್ಪ ಹಿಡೀತಾನೆ, ಇವತ್ತು ಕೆನ್ನೆಗೆ ಬಾರಿಸ್ತಾನೆ, ಎಲ್ಲ ಮುಗಿಯುತ್ತೆ ಅಂತ ಕಾಯ್ತಿದ್ದೆ. ಸಂಜೆ ಬಂದ್ರೆ ಯೂನಿಫಾರಮ್ಮು ಗೂಟದಲ್ಲಿ, ಗರಿಗರಿ. ಜೇಬಿಗೆ ಕೈ ಹಾಕಿದ್ರೆ ಮಾತ್ರೆ ಅಲ್ಲೇ. ಮಡಿಕೆ ಕೂಡ ಬದಲಾಗಿರ್ತಿರ್ಲಿಲ್ಲ."

ಅಪ್ಪ ಮೇಜಿನ ಅಂಚು ಹಿಡಿದುಕೊಂಡ. ಅವಳು ಹೇಳುತ್ತಿದ್ದುದು ಅವನಿಗೆ ಹೊಸದಲ್ಲ. ಬೆಳ್ಳಿ ಕಾಗದದಲ್ಲಿ ಸುತ್ತಿದ ಆ ಸಣ್ಣ ಸಣ್ಣ ಗಟ್ಟಿಗಳು ಬೆರಳಿಗೆ ಆಗಾಗ ಸಿಗುತ್ತಿದ್ದವು. ನರ್ಸಲ್ಲವೇ, ಮಾತ್ರೆ ಇರುತ್ತದೆ ಎಂದುಕೊಳ್ಳುತ್ತಿದ್ದ. ಅವಳ ಮುಖ ಬಿಳಚಿಕೊಳ್ಳುತ್ತಿದ್ದದ್ದು, ಊಟದ ತಟ್ಟೆಯ ಮುಂದೆ ತೂಕಡಿಸುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಒಂದು ಕಡೆ ಬೆರಳಿಗೆ ಸಿಕ್ಕಿದ್ದನ್ನೂ ಇನ್ನೊಂದು ಕಡೆ ಕಣ್ಣಿಗೆ ಕಂಡದ್ದನ್ನೂ ಅವನು ಒಟ್ಟಿಗೆ ಇಡಲಿಲ್ಲ, ಅಷ್ಟೇ. ಇಟ್ಟರೆ ಕೇಳಬೇಕಾಗುತ್ತಿತ್ತು. ಕೇಳಿದರೆ ಅವಳು ಹೇಳಿಬಿಡುತ್ತಿದ್ದಳು. ತಾಯಿಯಿಲ್ಲದ ಮಗಳ ಬಾಯಿಂದ ಅದನ್ನು ಕೇಳುವ ಎದೆಗಾರಿಕೆ ಅವನಲ್ಲಿರಲಿಲ್ಲ. ಪದ್ಧತಿಯ ಹಿಂದೆ ಅಡಗಿಕೊಂಡ.

"ಹೆದರಿಕೆ ಆಗಿತ್ತು ಮರೀ" ಎಂದ. 

"ನಂಗೂ ಆಗಿತ್ತಪ್ಪ."

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ಟೋಕನ್ ಚಾಚಿದ. ಮಗಳು ಎದ್ದು, ಅವನ ಬಟ್ಟೆ ಹುಡುಕಿ, ಕಾಗದ ಸುತ್ತಿ, ದಾರ ಕಟ್ಟಿ ಕೊಟ್ಟಳು. ಅವನು ಹೋದ ಮೇಲೆ, ಬೀದಿಯ ಕಡೆ ಮುಖ ಮಾಡಿಕೊಂಡೇ, "ಒಪ್ಕೋತೀನಿ. ವಕೀಲರಿಗೆ ಹೇಳ್ಬಿಡು" ಎಂದಳು.

"ಬೇಡ. ನಾನು ಸಾಕ್ಷಿ ಹೇಳ್ತೀನಿ. ಎಷ್ಟು ಬೇಕಾದ್ರೂ ಕೇಳ್ಲಿ. ಎಲ್ಲಾರ ಮುಂದೆ ಹೇಳ್ತೀನಿ."

"ಯಾಕೆ ನೋಡ್ಲಿಲ್ಲ ಅಂತ ಕೇಳ್ತಾರೆ."

"ಕೇಳ್ಲಿ."

"ಏನಂತೀಯ? ಹೆದರಿಕೆ ಆಗಿತ್ತು ಅಂತೀಯಾ? ಅಷ್ಟು ಜನರ ಮುಂದೆ ನಿನ್ನನ್ನ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಅದನ್ನೇ ಕೇಳೋದನ್ನ ನಾನು ಕೂತು ನೋಡ್ಬೇಕಾ? ಅಷ್ಟಾದ್ಮೇಲೂ ಗೆಲ್ತೀವಿ ಅಂತ ಏನು ಗ್ಯಾರಂಟಿ?" ಅವಳು ಮತ್ತೆ ಟೋಕನ್ನಿನ ಪೆಟ್ಟಿಗೆ ಹತ್ತಿರ ಎಳೆದುಕೊಂಡಳು. "ನಾನು ಕೇಳಿದ್ದು ಸಾಕು."

ಕೋರ್ಟಿನ ಕೆಲಸ ಮುಗಿಯಲು ಒಂದು ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ನ್ಯಾಯಾಧೀಶರು ವಯಸ್ಸಾದವರು, ಮೆತ್ತನೆಯ ದನಿ. ಈ ಮಾತ್ರೆ ನಿನ್ನದೇ? ಹೌದು. ಗೊತ್ತಿದ್ದೇ ಇಟ್ಟುಕೊಂಡಿದ್ದೆಯಾ? ಹೌದು. ಚಿಕಿತ್ಸೆ ಬೇಕೆಂದು ನಿನಗೆ ಅನ್ನಿಸುತ್ತದೆಯೇ? ಮಗಳು ಒಂದು ಗಳಿಗೆ ತಡೆದಳು. ವಕೀಲೆ ಮೊಣಕೈ ಮುಟ್ಟಿದರು. "ಹೌದು" ಎಂದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಪ್ಪನಿಗೆ ಒಂದೊಂದು ಹೌದೂ ತನ್ನ ಬಾಯಿಂದ ಬರಬೇಕಾಗಿದ್ದದ್ದು ಅನ್ನಿಸಿತು. ಎದ್ದು ನಿಂತು ಕೂಗಿಬಿಡೋಣವೆಂದುಕೊಂಡ. ಕೂತೇ ಇದ್ದ.

ಅದಕ್ಕಿಂತ ಕಷ್ಟವಾದದ್ದು ಕೇಂದ್ರ. ಮಗಳು ಬಿಟ್ಟ ಮೇಲೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಹೊಸಬರಿಗೆ ಟೀ ಮಾಡಿಕೊಟ್ಟು, ನಡುಗುವ ಕೈಗಳನ್ನು ಹಿಡಿದುಕೊಂಡು ಕೂರುತ್ತಿದ್ದವಳು. ಬಿಟ್ಟು ಇಷ್ಟು ಕಾಲವಾದವರಿಗೆಂದು ಅವರು ಕೊಡುವ ಹಿತ್ತಾಳೆ ಬಿಲ್ಲೆ ಅವಳ ಹತ್ತಿರ ಇತ್ತು. ಕೋರ್ಟಿನಿಂದ ಬಂದವರು ಮೊದಲಿನಿಂದ ಶುರುಮಾಡಬೇಕೆಂಬುದು ಅಲ್ಲಿನ ಕಟ್ಟಳೆ. ಬಿಲ್ಲೆ ವಾಪಸ್ ಕೊಟ್ಟಳು. ಹಿಂದಿನ ಸಾಲಿನಿಂದ ಎದ್ದು ಮುಂದಿನ ಸಾಲಿನಲ್ಲಿ, ನಿನ್ನೆ ಮೊನ್ನೆ ಬಂದವರ ಜೊತೆ ಕೂತಳು. ಅವಳು ಕೈಹಿಡಿದು ಕೂರಿಸಿದ್ದ ಹೆಂಗಸೊಬ್ಬಳು ಅವಳಿಗೆ ಟೀ ತಂದುಕೊಟ್ಟು, "ಪರವಾಗಿಲ್ಲ ಕಣೆ, ಜಾರೋದು ಎಲ್ಲರಿಗೂ ಇದ್ದದ್ದೇ" ಎಂದು ಬೆನ್ನು ತಟ್ಟಿದಳು. ಮಗಳು ಥ್ಯಾಂಕ್ಸ್ ಹೇಳಿದಳು. ಬಾಗಿಲ ಗಾಜಿನ ಆಚೆ ನಿಂತಿದ್ದ ಅಪ್ಪನಿಗೆ ಇದೆಲ್ಲ ಕಂಡಿತು, ಮಾತು ಮಾತ್ರ ಕೇಳಿಸಲಿಲ್ಲ. ದಾರಿಯಲ್ಲಿ ಅವಳೇ ಹೇಳಿದಳು, ಯಾವುದೋ ಅಂಗಡಿಯ ವಿಷಯ ಹೇಳುವ ಹಾಗೆ.

ಆ ವರ್ಷ ಅಪ್ಪ ಬದಲಾದ, ಅಥವಾ ಬದಲಾಗಲು ಒದ್ದಾಡಿದ. ಬೆಳಗಾದರೆ, "ನಿದ್ದೆ ಬಂತಾ?" ಸಂಜೆಯಾದರೆ, "ಏನಾದ್ರೂ ಹೇಳೋದಿದ್ಯಾ ಮರೀ?" ಕೇಳಿ ಅಭ್ಯಾಸವಿಲ್ಲದ ಬಾಯಿ, ಪೊಲೀಸರು ಕೇಳಿದ ಹಾಗೆ ಕೇಳುತ್ತಿತ್ತು. "ಚೆನ್ನಾಗಿದೀನಪ್ಪ" ಎನ್ನುತ್ತಿದ್ದಳು. ಸಿಡುಕಲಿಲ್ಲ, ಮುಖ ಗಂಟಿಕ್ಕಲಿಲ್ಲ, ಅವನ ತಟ್ಟೆಗೆ ಬಡಿಸುವುದನ್ನು ಬಿಡಲಿಲ್ಲ. ಬಟ್ಟೆ ಮಾತ್ರ ಅಂಗಡಿಗೆ ಹಾಕಲಿಲ್ಲ. ಹಿತ್ತಿಲ ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ತಾನೇ ಒಗೆದುಕೊಳ್ಳುತ್ತಿದ್ದಳು. ಇಸ್ತ್ರಿಯಿಲ್ಲದ, ಸುಕ್ಕು ಸುಕ್ಕಾದ ಬಟ್ಟೆ ಹಾಕಿಕೊಂಡು ಲಾಂಡ್ರಿಯ ಕೌಂಟರಿನಲ್ಲಿ ಕೂತವಳನ್ನು ನೋಡಿ ಗಿರಾಕಿಗಳು ನಗುತ್ತಿದ್ದರು. "ಇಸ್ತ್ರಿ ಅಂಗಡಿ ಮಾಲೀಕರ ಮಗಳು, ನೋಡಿ ಸ್ವಾಮಿ" ಎಂದು ಹೊಲಿಗೆಯವಳೂ ನಗುತ್ತಿದ್ದಳು. ಒಮ್ಮೆ ಅಪ್ಪನ ಮುಖ ನೋಡಿದಳು. ಆಮೇಲೆ ಆ ಮಾತು ಎತ್ತಲಿಲ್ಲ.

ವಾರ ವಾರದ ಪರೀಕ್ಷೆಯಲ್ಲಿ ಒಂದೂ ತಪ್ಪು ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ವರ್ಷ ಮುಗಿದು ಅದೇ ನ್ಯಾಯಾಧೀಶರ ಮುಂದೆ ನಿಂತಾಗ ಅವರು ಕೇಸು ವಜಾ ಆಯಿತೆಂದೂ ಅವಳ ಹೆಸರಿನಲ್ಲಿ ಯಾವ ಅಪರಾಧವೂ ಇಲ್ಲವೆಂದೂ ಹೇಳಿ, "ಚಟ ಬಿಡೋದು ಸಾಮಾನ್ಯ ಮಾತಲ್ಲಮ್ಮ, ಗೆದ್ದೆ ನೀನು" ಎಂದು ಮನಃಪೂರ್ವಕವಾಗಿ ಹರಸಿದರು. ಮಗಳು ಕೈಮುಗಿದಳು. ವಕೀಲೆ ಅಪ್ಪನ ಕೈ ಕುಲುಕಿದರು. ಗೌನು ಇವತ್ತೂ ಸುಕ್ಕಾಗಿತ್ತು. ಪೊಲೀಸರ ಚೀಲದಲ್ಲಿ ಸುರುಟಿಕೊಂಡಿದ್ದ ಬೂದು ಕೋಟು ವಾಪಸ್ ಬಂತು. ದೊಡ್ಡ ನರ್ಸಮ್ಮ ಅಷ್ಟರಲ್ಲಿ ನಿವೃತ್ತರಾಗಿದ್ದರು. ದೊಡ್ಡಾಸ್ಪತ್ರೆಯಲ್ಲಿ ಜಾಗವೂ ಇರಲಿಲ್ಲ. ಆದರೆ ಪರವಾನಗಿ ಉಳಿದಿತ್ತು. ರೈಲಿನಲ್ಲಿ ಒಂದು ಹಗಲು ಹಿಡಿಯುವಷ್ಟು ದೂರದ ಊರಿನ ಆಸ್ಪತ್ರೆಯೊಂದು ಅವಳನ್ನು ಕರೆಯಿತು.

"ಅಷ್ಟು ದೂರ ಯಾಕಮ್ಮ? ಇಲ್ಲೇ ಎಲ್ಲಾದ್ರೂ ಕಾದು ನೋಡಬಹುದಿತ್ತು" ಎಂದ ಅಪ್ಪ.

"ಹೋಗ್ಬೇಕಪ್ಪ" ಎಂದಳು. ಅಷ್ಟೇ ಹೇಳಿದಳು. ಆ ದನಿಯಲ್ಲಿ ಸಿಟ್ಟನ್ನು ಅವನು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡಾದರೂ ಮಾತಾಡಬಹುದಿತ್ತು.

ಹೊರಡುವ ಹಿಂದಿನ ದಿನ ಅವಳು ಹೊಸ ಯೂನಿಫಾರಮ್ಮುಗಳನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದಳು. ಬಿಳಿಯವು, ಹಿತ್ತಿಲಲ್ಲಿ ಒಗೆದು ಒಣಗಿಸಿದವು. ಮೇಲೆ ಆ ಬೂದು ಕೋಟು.

"ಇಷ್ಟು ಇಸ್ತ್ರಿ ಮಾಡ್ಕೊಡ್ತೀಯಾ ಅಪ್ಪ? ನಂಗೆ ನಿನ್ನ ಥರ ಗೆರೆ ಕೂರ್ಸೋಕೆ ಬರಲ್ಲ."

ಅಪ್ಪ ಕೈ ಒರೆಸಿಕೊಂಡ. ಎರಡೂ ಕೈಯಲ್ಲಿ ತೆಗೆದುಕೊಂಡ. ಅವಳು ಚೀಲ ಕಟ್ಟಲು ಮನೆಗೆ ಹೋದಳು. ಅವನು ಬೇರೆ ಬಟ್ಟೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಮೇಜಿನ ಮೇಲಿನ ಹಾಸನ್ನು ಬದಲಾಯಿಸಿದ. ಹೊಲಿಗೆಯವಳು, "ನಾಳೆ ಬರೋ ಗಿರಾಕಿಗಳ ಗತಿ?" ಎಂದಳು. "ನಾಡಿದ್ದು ಬರ್ಲಿ" ಎಂದ. ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಒಂದು ಆಸೆ ಹುಟ್ಟಿತು. ಜೇಬಿನಲ್ಲಿ ಏನಾದರೂ ಇರುತ್ತದೆ. ಪಿನ್ನೋ ಕರವಸ್ತ್ರವೋ, ಏನಾದರೂ ಸರಿಯೇ. ಈ ಸಲ ಕೈಯಲ್ಲಿ ಹಿಡಿದುಕೊಂಡು ಮನೆಗೇ ಹೋಗುತ್ತೇನೆ, ಇದೇನಮ್ಮ ಎಂದು ಕೇಳುತ್ತೇನೆ.

ಮೊದಲ ಯೂನಿಫಾರಮ್ಮನ್ನು ಹರಡಿದ. ಬೆರಳುಗಳು ಎಂದಿನಂತೆ ತಾವಾಗಿಯೇ ಜೇಬಿನ ಬಾಯಿಗೆ ಹೋದವು. ಒಳಗೆ ಹೋಗಲಿಲ್ಲ. ಬಿಳಿ ಬಟ್ಟೆಯ ಮೇಲೆ ಬಿಳಿ ದಾರ, ಜೇಬಿನ ಬಾಯಿ ಹೊಲಿದಿತ್ತು. ಇನ್ನೊಂದು ಜೇಬನ್ನು ಮುಟ್ಟಿ ನೋಡಿದ. ಅದೂ ಹೊಲಿದಿತ್ತು. ಎರಡನೆಯ ಯೂನಿಫಾರಮ್ಮು, ಮೂರನೆಯದು, ಎದೆಯ ಮೇಲೆ ಪೆನ್ನಿಡುವ ಸಣ್ಣ ಜೇಬು ಕೂಡ. ಕೋಟಿನ ಹೊರಜೇಬು, ಒಳಜೇಬು.

ಹೊಲಿಗೆಯವಳು ಮೂಲೆಯಿಂದ ನೋಡುತ್ತಿದ್ದಳು. "ಮೊನ್ನೆ ಸೂಜಿ ದಾರ ಇಸ್ಕೊಂಡು ಹೋಗಿದ್ಲು" ಎಂದಳು. "ಗುಂಡಿ ಹಾಕೋಕೆ ಅಂದ್ಕೊಂಡೆ."

ನರ್ಸಿಗೆ ಜೇಬಿಲ್ಲದಿದ್ದರೆ ಹೇಗೆ ನಡೆಯುತ್ತದೆ, ಕತ್ತರಿ, ಪೆನ್ನು, ಹತ್ತಿ ಎಲ್ಲ ಎಲ್ಲಿಡುತ್ತಾಳೆ ಎಂದು ಅಪ್ಪ ಬಗ್ಗಿ ಹೊಲಿಗೆಯನ್ನು ನೋಡಿದ. ಗಟ್ಟಿ ಹೊಲಿಗೆಯಲ್ಲ, ಉದ್ದುದ್ದ ಟಾಕಾ, ತುದಿಯಲ್ಲಿ ಗಂಟು ಕೂಡ ಹಾಕಿರಲಿಲ್ಲ. ಒಂದು ಎಳೆ ಹಿಡಿದು ಎಳೆದರೆ ಸರಕ್ಕನೆ ಬಿಟ್ಟುಬರುವಂಥದ್ದು. ನಾಳೆ ಆ ಊರಿನಲ್ಲಿ, ತನ್ನ ಹೊಸ ಕೋಣೆಯಲ್ಲಿ, ಅವಳೇ ಎಳೆದುಕೊಳ್ಳುತ್ತಾಳೆ. ಇವನ ಕೈ ದಾಟುವವರೆಗೆ ಮಾತ್ರ.

ಅಪ್ಪ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ನೀರು ಚಿಮುಕಿಸಿ, ತೋಳಿನಿಂದ ಶುರುಮಾಡಿ, ಬೆನ್ನು ಮುಗಿಸಿ, ಮುಂಭಾಗಕ್ಕೆ ಬಂದ. ಜೇಬಿನ ಹತ್ತಿರ ಬಂದಾಗ ಕೈ ನಿಧಾನ ಮಾಡಿ, ಪೆಟ್ಟಿಗೆಯ ಮೂತಿಯನ್ನು ಅಂಚಿಗೆ ತಾಗಿಸದೆ, ಒಂದು ಟಾಕಾ ಕೂಡ ಕಿತ್ತುಬರದ ಹಾಗೆ ಅದರ ಮೇಲೆ ಮೆಲ್ಲಗೆ ಆಡಿಸಿದ.